ಸಣ್ಣ ವಿಮಾನದ ಆಟೋಪೈಲಟ್ ಸರ್ವೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶಿಗನ್‌ನಲ್ಲಿ ನಾವು ಮೂವರು ಸೇರಿ ಒಂದು ಹಳೇ ವಿಮಾನ ಇಟ್ಟುಕೊಂಡಿದ್ದೇವೆ. ನಾಲ್ಕು ಸೀಟು, ಒಂದೇ ಎಂಜಿನ್, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕದು. ನಾನು ಮೆಕ್ಯಾನಿಕ್ ಅಲ್ಲ. ಪೈಲಟ್, ಜೊತೆಗೆ ಮೂರರಲ್ಲಿ ಒಂದು ಪಾಲು ಬಿಲ್ ಕಟ್ಟುವವನು. ಹಳೇ ಆಟೋಪೈಲಟ್ ಕೈಕೊಟ್ಟ ದಿನದಿಂದ ಹೊಸದು ಹಾಕಿಸುವ ತನಕ ದುಡ್ಡು ಕೊಟ್ಟು ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಯಮಗಳ ಮಾತು ಬಂದಲ್ಲೆಲ್ಲ ಅದು ಅಮೆರಿಕದ್ದು. ಭಾರತದ ಬಗ್ಗೆ ಕೊನೆ ಕಡೆ ಒಂದು ಪ್ರಶ್ನೆ ಇದೆ.

ಸರ್ವೋ ಅಂದರೆ ನಿಜವಾಗಿ ಏನು? ವಿಮಾನದಲ್ಲಿ ಎಲ್ಲಿರುತ್ತದೆ?

ಆಟೋಪೈಲಟ್‌ಗೆ ಕಣ್ಣು, ತಲೆ, ಕೈ ಇದೆ ಅಂದುಕೊಳ್ಳಿ. ಜೈರೋ, ಜಿಪಿಎಸ್, ಎತ್ತರ ಅಳೆಯುವ ಸೆನ್ಸರ್ ಇವೆಲ್ಲ ಕಣ್ಣು. ಕಂಪ್ಯೂಟರ್ ತಲೆ. ಸರ್ವೋ ಕೈ. ಒಳಗೆ ಒಂದು ಪುಟ್ಟ ಮೋಟರ್, ಅದಕ್ಕೆ ಗೇರ್‌ಗಳು, ಬೇಕಾದಾಗ ಹಿಡಿದು ಬೇಡದಾಗ ಬಿಡುವ ಒಂದು ಏರ್ಪಾಟು, ಬಲ ಮಿತಿ ಮೀರಿದರೆ ಜಾರುವ ಕ್ಲಚ್, ಕೊನೆಗೆ ಒಂದು ಸಣ್ಣ ರಾಟೆ. ರಾಟೆಗೆ ಕ್ಯಾಪ್‌ಸ್ಟನ್ ಅನ್ನುತ್ತಾರೆ. ಅದಕ್ಕೆ ಸುತ್ತಿದ ತೆಳು ಕೇಬಲ್‌ನ ಎರಡೂ ತುದಿಗಳನ್ನು ವಿಮಾನದ ಮುಖ್ಯ ಕಂಟ್ರೋಲ್ ಕೇಬಲ್‌ಗೆ ಕ್ಲಾಂಪ್ ಹಾಕಿ ಬಿಗಿದಿರುತ್ತಾರೆ. ಅದರ ಹೆಸರು ಬ್ರೈಡಲ್ ಕೇಬಲ್. ಬ್ರೈಡಲ್ ಅಂದರೆ ಕುದುರೆಯ ಕಡಿವಾಣ, ಇಲ್ಲಿ ಕೆಲಸವೂ ಹೆಚ್ಚುಕಮ್ಮಿ ಅದೇ.

ರೋಲ್‌ಗೆ (ರೆಕ್ಕೆ ಎಡಕ್ಕೆ ಬಲಕ್ಕೆ ವಾಲುವುದು) ಒಂದು ಸರ್ವೋ, ಪಿಚ್‌ಗೆ (ಮೂಗು ಮೇಲೆ ಕೆಳಗೆ ಆಗುವುದು) ಇನ್ನೊಂದು, ಕೆಲವು ವಿಮಾನಗಳಲ್ಲಿ ಟ್ರಿಮ್‌ಗೆ (ಕೈಯಿಂದ ಒತ್ತಿ ಹಿಡಿದೇ ಇರಬೇಕಾಗದಂತೆ ಮೂಗನ್ನು ಸಮತೋಲದಲ್ಲಿ ಇಡುವ ಏರ್ಪಾಟು) ಬೇರೆಯೇ ಒಂದು. ರೋಲ್‌ನದ್ದು ರೆಕ್ಕೆಯೊಳಗೋ ಸೀಟಿನ ಕೆಳಗೋ ಇರುತ್ತದೆ. ಪಿಚ್‌ನದ್ದು ಸಾಮಾನ್ಯವಾಗಿ ಬಾಲದ ಕಡೆ, ತೆಳ್ಳಗಿನವರು ಮಾತ್ರ ತೆವಳಿಕೊಂಡು ಹೋಗಬಹುದಾದ ಜಾಗದಲ್ಲಿ.

ಆಟೋಪೈಲಟ್ ಹಾಕಿದರೆ ವಿಮಾನ ಎಡಕ್ಕೂ ಬಲಕ್ಕೂ ತೂಗುತ್ತದೆ. ಸರ್ವೋ ಹೋಗಿದೆ ಅಂತ ಅರ್ಥವಾ?

ಇರಬಹುದು. ಆದರೆ ನಾನಾಗಿದ್ದರೆ ಸರ್ವೋ ಮೇಲೆ ಕೊನೆಗೆ ಅನುಮಾನ ಪಡುತ್ತೇನೆ. ಯಾಕೆ ಅಂತ ಹೇಳುತ್ತೇನೆ ಕೇಳಿ.

ನಮ್ಮ ವಿಮಾನ ಪ್ರತಿ ಜನವರಿಯಲ್ಲಿ ತೊಟ್ಟಿಲ ಹಾಗೆ ತೂಗುತ್ತಿತ್ತು. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುವಷ್ಟು. ಬೇಸಿಗೆಯಲ್ಲಿ ಪರವಾಗಿಲ್ಲ ಅನ್ನಿಸುತ್ತಿತ್ತು. ರೋಲ್ ಸರ್ವೋ ಬಿಚ್ಚಿಸಿ ದೂರದ ಒಂದು ರಿಪೇರಿ ಶಾಪ್‌ಗೆ ಕಳಿಸಿದೆವು. ಐದು ವಾರ ಆದಮೇಲೆ ‘ದೋಷ ಕಂಡುಬಂದಿಲ್ಲ’ ಅನ್ನುವ ಚೀಟಿ ಕಟ್ಟಿಕೊಂಡು ವಾಪಸ್ ಬಂತು, ಹಿಂದೆಯೇ ಬಿಲ್ಲೂ ಬಂತು. ಮತ್ತೆ ಹಾಕಿಸಿದೆವು, ಮತ್ತೆ ಅದೇ ತೂಗಾಟ. ಕೊನೆಗೆ ನಮ್ಮ ಹ್ಯಾಂಗರ್ ಸಾಲಿನಲ್ಲೇ ಇರುವ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮುಚ್ಚಳ ತೆಗೆದು, ಕೇಬಲ್ ಅನ್ನು ಬೆರಳಲ್ಲಿ ಒಂದು ಸಲ ಒತ್ತಿ, ನಕ್ಕುಬಿಟ್ಟರು. ಆಮೇಲೆ ಟೆನ್ಷನ್ ಮೀಟರ್ ಹಾಕಿ ತೋರಿಸಿದರು. ಬ್ರೈಡಲ್ ಸಡಿಲ, ಮುಖ್ಯ ಏಲೆರಾನ್ (ವಿಮಾನ ವಾಲಿಸುವ, ರೆಕ್ಕೆಯ ಆಡುವ ಪಟ್ಟಿ) ಕೇಬಲ್ ಇನ್ನೂ ಸಡಿಲ.

ಚಳಿಗಾಲಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ವಿಮಾನದ ಮೈ ಅಲ್ಯೂಮಿನಿಯಂ, ಕೇಬಲ್ ಉಕ್ಕು. ತಣ್ಣಗಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಮೈ ಚಿಕ್ಕದಾಯಿತು, ಕೇಬಲ್ ಅಷ್ಟು ಚಿಕ್ಕದಾಗಲಿಲ್ಲ, ಹಾಗಾಗಿ ಜೋತುಬಿತ್ತು. ಈಗ ಸರ್ವೋ ತಿರುಗಿದರೆ ಮೊದಲು ಆ ಸಡಿಲವನ್ನು ಎಳೆದುಕೊಳ್ಳಬೇಕು, ಆಮೇಲಷ್ಟೇ ಏಲೆರಾನ್ ಅಲುಗುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ‘ಇನ್ನೂ ತಿರುಗಲಿಲ್ಲವಲ್ಲ’ ಅಂತ ಇನ್ನಷ್ಟು ಎಳೆಸುತ್ತದೆ, ವಿಮಾನ ದಾಟಿ ಹೋಗುತ್ತದೆ, ಮತ್ತೆ ಆ ಕಡೆಯಿಂದ ಇದೇ ಕಥೆ. ಕೇಬಲ್ ಎಷ್ಟು ಬಿಗಿ ಇರಬೇಕು ಅನ್ನುವುದು ಆಯಾ ವಿಮಾನದ ಮ್ಯಾನುಯಲ್‌ನಲ್ಲಿದೆ, ಉಷ್ಣತೆಗೆ ತಕ್ಕ ಹಾಗೆ ಬದಲಾಗುತ್ತದೆ. ಪಕ್ಕದ ವಿಮಾನದ ಅಂಕಿ ನೋಡಿ ಬಿಗಿಯಬೇಡಿ. ಜಾಸ್ತಿ ಬಿಗಿದರೆ ಘರ್ಷಣೆ ಹೆಚ್ಚಿ ಬೇರೆ ಥರ ತೂಗಾಟ ಶುರುವಾಗುತ್ತದೆ.

ಹಾಗಾಗಿ ನಾವೀಗ ಹುಡುಕುವುದು ಹೀಗೆ. ಮೊದಲು ಆಟೋಪೈಲಟ್ ಆಫ್ ಮಾಡಿ ಯೋಕ್ ಅನ್ನು (ಪೈಲಟ್ ಹಿಡಿಯುವ ಸ್ಟೀರಿಂಗ್) ನಿಧಾನ ಆಡಿಸಿ ನೋಡಿ, ಎಲ್ಲಾದರೂ ಅಂಟುತ್ತಿದೆಯಾ, ರಾಟೆ ಒಣಗಿದೆಯಾ. ಆಮೇಲೆ ಕೇಬಲ್. ಆಮೇಲೆ ಕನೆಕ್ಟರ್, ಅರ್ಥಿಂಗ್, ಮತ್ತು ಆಟೋಪೈಲಟ್ ಕೆಲಸ ಮಾಡುತ್ತಿರುವಾಗ ಸರ್ವೋ ತನಕ ಎಷ್ಟು ವೋಲ್ಟೇಜ್ ತಲುಪುತ್ತಿದೆ ಅನ್ನುವುದು. ನಲವತ್ತು ವರ್ಷದ ಸರ್ಕ್ಯೂಟ್ ಬ್ರೇಕರ್ ದಾರಿಯಲ್ಲೇ ಅರ್ಧ ತಿಂದುಹಾಕಬಹುದು. ಇಲಿಗಳನ್ನೂ ಮರೆಯಬೇಡಿ. ಹ್ಯಾಂಗರ್ ಇಲಿಗೆ ವೈರಿನ ಹೊದಿಕೆ ಅಂದರೆ ಬಲು ಇಷ್ಟ. ಆಮೇಲೆ ಕಣ್ಣು: ಎಸ್-ಟೆಕ್ ಬ್ರ್ಯಾಂಡ್ ಥರದ, ತಿರುಗುವ ವೇಗ ನೋಡಿ ನಡೆಯುವ (ರೇಟ್ ಆಧಾರಿತ) ಹಳೇ ಆಟೋಪೈಲಟ್‌ಗಳು ರೋಲ್‌ಗೆ ಟರ್ನ್ ಕೋಆರ್ಡಿನೇಟರ್ ಅನ್ನುವ ಉಪಕರಣ ನೋಡುತ್ತವೆ, ಅದರ ಜೈರೋ ಸವೆದಿದ್ದರೆ ಸರ್ವೋ ಪಾಪ ಸುಳ್ಳು ಸುದ್ದಿ ನಂಬಿ ಓಡಾಡುತ್ತಿರುತ್ತದೆ. ಇಷ್ಟೆಲ್ಲ ಸರಿ ಇದ್ದರೆ ಆಗ ಸರ್ವೋ ಬಿಚ್ಚಿಸಿ.

ಇನ್ನೊಂದು ಪುಕ್ಕಟೆ ಪರೀಕ್ಷೆ ಇದೆ. ಹೆಡ್ಡಿಂಗ್ ಮೋಡ್‌ನಲ್ಲಿ (ನೀವು ಇಟ್ಟ ದಿಕ್ಕು ಹಿಡಿಯುವುದು) ನೆಟ್ಟಗೆ ಹೋಗುತ್ತದೆ, ನ್ಯಾವ್ ಮೋಡ್‌ನಲ್ಲಿ (ಜಿಪಿಎಸ್ ಅಥವಾ ರೇಡಿಯೋ ತೋರಿಸುವ ದಾರಿ ಹಿಡಿಯುವುದು) ಮಾತ್ರ ತೂಗುತ್ತದೆ ಅಂದರೆ ಸರ್ವೋ ತಪ್ಪು ಇರುವುದು ಕಷ್ಟ. ಎರಡೂ ಕಡೆ ಕೆಲಸ ಮಾಡುವುದು ಅದೇ ಕೈ ಅಲ್ವಾ?

ಮೂಗು ಮೇಲೆ ಕೆಳಗೆ ಆಡುತ್ತದೆ. ಅದಕ್ಕೂ ಇದೇನಾ?

ಹೆಚ್ಚುಕಮ್ಮಿ ಇದೇ, ಜೊತೆಗೆ ಇನ್ನೆರಡು. ಒಂದು, ಎತ್ತರ ಹಿಡಿದಿಡುವ ಆಲ್ಟಿಟ್ಯೂಡ್ ಹೋಲ್ಡ್ ನಂಬುವುದು, ಹೊರಗಿನ ಗಾಳಿಗೆ ತೆರೆದ ಸ್ಟ್ಯಾಟಿಕ್ ಪೈಪಿನ ಒತ್ತಡವನ್ನು. ಪೈಪಿನಲ್ಲಿ ನೀರು ನಿಂತಿದ್ದರೆ ಅಥವಾ ಎಲ್ಲೋ ಸೋರಿಕೆ ಇದ್ದರೆ ಎತ್ತರ ತಪ್ಪಾಗಿ ಕಾಣುತ್ತದೆ. ಐಎಫ್‌ಆರ್ (ಮೋಡದಲ್ಲೂ ಉಪಕರಣ ನೋಡಿಕೊಂಡು) ಹಾರುವವರು ಹೇಗೂ 24 ತಿಂಗಳಿಗೊಮ್ಮೆ ಸ್ಟ್ಯಾಟಿಕ್ ಪರೀಕ್ಷೆ ಮಾಡಿಸಬೇಕು, ಆಗ ಗೊತ್ತಾಗುತ್ತದೆ. ಎರಡು, ಟ್ರಿಮ್. ಎಲಿವೇಟರ್ (ಮೂಗು ಏರಿಸಿ ಇಳಿಸುವ, ಬಾಲದ ಪಟ್ಟಿ) ಟ್ರಿಮ್‌ನ ಸ್ಕ್ರೂ ಗ್ರೀಸ್ ಒಣಗಿ ಬಿಗಿಯಾಗಿದ್ದರೆ, ಅಥವಾ ಸವೆದು ಆಡುತ್ತಿದ್ದರೆ, ಪಿಚ್ ಸರ್ವೋ ಎಷ್ಟು ಒಳ್ಳೆಯದಿದ್ದರೂ ಮೂಗು ನಿಲ್ಲುವುದಿಲ್ಲ.

ಕ್ಲಚ್ ಜಾರುತ್ತದೆ ಅಂದರೆ ಅದು ಹಾಳಾಗಿದೆ ಅಂತಲ್ಲವೇ?

ಅದು ಜಾರಬೇಕು! ನಾನು ಈ ಪುಟ ಬರೆದದ್ದಕ್ಕೆ ಅರ್ಧ ಕಾರಣ ಇದೇ ಪ್ರಶ್ನೆ. ಆಟೋಪೈಲಟ್‌ಗೆ ಹುಚ್ಚು ಹಿಡಿದರೂ ನಿಮ್ಮ ಕೈ ಗೆಲ್ಲಬೇಕು. ಅದಕ್ಕೇ ಕ್ಲಚ್ ಇರುವುದು. ಎಷ್ಟು ಬಲಕ್ಕೆ ಜಾರಬೇಕು ಅನ್ನುವುದು ವಿಮಾನದಿಂದ ವಿಮಾನಕ್ಕೆ ಬೇರೆ, ಇಂಚ್-ಪೌಂಡ್ ಲೆಕ್ಕದಲ್ಲಿ ಬರೆದಿರುತ್ತಾರೆ. ತುಂಬಾ ಬೇಗ ಜಾರಿದರೆ ಗಾಳಿ ಎದ್ದಾಗ ಆಟೋಪೈಲಟ್‌ಗೆ ಶಕ್ತಿ ಸಾಲದು. ಜಾರದೇ ಹೋದರೆ ನಿಮಗೆ ಶಕ್ತಿ ಸಾಲದು. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಕೆಲವು ಹಳೇ ಬೆಂಡಿಕ್ಸ್/ಕಿಂಗ್ ವ್ಯವಸ್ಥೆಗಳಲ್ಲಿ ಕ್ಲಚ್ ಇರುವುದು ಸರ್ವೋದಲ್ಲಿ ಅಲ್ಲ, ಸರ್ವೋ ಕೂರುವ ಮೌಂಟ್‌ನಲ್ಲಿ. ಸರ್ವೋ ಮಾತ್ರ ಬಿಚ್ಚಿ ಕಳಿಸಿದರೆ ಕ್ಲಚ್ ವಿಮಾನದಲ್ಲೇ ಉಳಿದುಬಿಡುತ್ತದೆ, ಯಾರೂ ಅದನ್ನು ನೋಡುವುದಿಲ್ಲ. ಕಳಿಸುವ ಮುಂಚೆ ಕೇಳಿ.

ಹಾರುವ ಮುಂಚೆ ಏನು ಪರೀಕ್ಷೆ ಮಾಡಬೇಕು?

ನಿಮ್ಮ ವಿಮಾನದ ಹ್ಯಾಂಡ್‌ಬುಕ್‌ಗೆ ಆಟೋಪೈಲಟ್‌ಗೆಂದು ಸೇರಿಸಿದ ಸಪ್ಲಿಮೆಂಟ್ ಪುಟದಲ್ಲಿ ಏನಿದೆಯೋ ಅದು. ಸಾರ ಇಷ್ಟು: ಜೈರೋ ನೆಲೆಗೊಂಡ ಮೇಲೆ ಆಟೋಪೈಲಟ್ ಹಾಕಿ. ಹೆಡ್ಡಿಂಗ್ ಬಗ್ (ಬೇಕಾದ ದಿಕ್ಕು ಇಡುವ ಗುರುತು) ಬಲಕ್ಕೆ ತಿರುಗಿಸಿದರೆ ಯೋಕ್ ಬಲಕ್ಕೆ ಹೋಗಬೇಕು. ಈಗ ಯೋಕ್ ಹಿಡಿದು ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ಜಗ್ಗಿ, ಪ್ರತಿ ಸಲವೂ ನೀವೇ ಗೆಲ್ಲಬೇಕು. ಯೋಕ್ ಮೇಲಿನ, ಆಟೋಪೈಲಟ್ ಬಿಡಿಸುವ ಕೆಂಪು ಗುಂಡಿ ಒತ್ತಿದರೆ ತಕ್ಷಣ ಬಿಡಬೇಕು. ಬಿಟ್ಟ ಮೇಲೆ ಯೋಕ್ ತುದಿಯಿಂದ ತುದಿಗೆ ಸಲೀಸಾಗಿ ಹೋಗಬೇಕು. ಒಂದು ನಿಮಿಷದ ಕೆಲಸ. ಹಿಂದೆ ಸಾಲಿನಲ್ಲಿ ನಿಂತಿರುವ ವಿಮಾನದವರು ಕಾಯಲಿ ಬಿಡಿ.

ಟ್ರಿಮ್ ತನ್ನಷ್ಟಕ್ಕೇ ಓಡಿಹೋದರೆ?

ಯೋಕ್ ಗಟ್ಟಿಯಾಗಿ ಹಿಡಿಯಿರಿ. ಕೆಂಪು ಗುಂಡಿ ಒತ್ತಿ, ಒತ್ತಿಯೇ ಇರಿ, ಯಾಕೆಂದರೆ ಕೆಲವು ವಿಮಾನಗಳಲ್ಲಿ ಬೆರಳು ತೆಗೆದರೆ ಟ್ರಿಮ್ ಮತ್ತೆ ಓಡುತ್ತದೆ. ಇನ್ನೊಂದು ಕೈಯಲ್ಲಿ ಟ್ರಿಮ್‌ನ ಸರ್ಕ್ಯೂಟ್ ಬ್ರೇಕರ್ ಎಳೆಯಿರಿ. ಆಮೇಲೆ ಚಕ್ರ ತಿರುಗಿಸಿ ಟ್ರಿಮ್ ಸರಿ ಮಾಡಿಕೊಳ್ಳಿ. ಆ ಬ್ರೇಕರ್‌ಗೆ ಬಣ್ಣದ ಕಾಲರ್ ಹಾಕಿಡಿ, ಗಾಬರಿಯಲ್ಲಿ ಹುಡುಕುತ್ತಾ ಕೂರುವುದಕ್ಕೆ ಆಗುವುದಿಲ್ಲ.

ಇದರ ಜೊತೆ ಇನ್ನೊಂದು ಮಾತು. ಆಟೋಪೈಲಟ್ ಹಾಕಿದಾಗ ಅದಕ್ಕೆ ‘ಸಹಾಯ’ ಮಾಡಬೇಡಿ. ಸೆಸ್ನಾ 172ರಲ್ಲಿ ಬರುತ್ತಿದ್ದ ಕೆಎಪಿ 140 ಥರದ, ತಾನೇ ಟ್ರಿಮ್ ಮಾಡುವ ವ್ಯವಸ್ಥೆಯಲ್ಲಿ ನೀವು ಯೋಕ್ ಹಿಂದಕ್ಕೆ ಎಳೆದು ಹಿಡಿದರೆ, ಅದು ನಿಮ್ಮ ಎಳೆತಕ್ಕೆ ವಿರುದ್ಧವಾಗಿ ಮೂಗು ಕೆಳಗೆ ಟ್ರಿಮ್ ಮಾಡುತ್ತಾ ಹೋಗುತ್ತದೆ. ನೀವು ಎಳೆದಷ್ಟೂ ಅದು ಟ್ರಿಮ್ ಮಾಡುತ್ತದೆ. ಕೊನೆಗೆ ಆಟೋಪೈಲಟ್ ಬಿಟ್ಟಾಗ ಟ್ರಿಮ್ ಪೂರ್ತಿ ಕೆಳಗೆ ಹೋಗಿ ಕೂತಿರುತ್ತದೆ, ಯೋಕ್ ಕಲ್ಲಿನ ಭಾರ. ಏನೂ ಕೆಟ್ಟಿರುವುದಿಲ್ಲ. ಹಿಡಿಯಬೇಕು ಅನ್ನಿಸಿದರೆ ಮೊದಲು ಆಫ್ ಮಾಡಿ.

ಸರ್ವೋ ನಾನೇ ಬಿಚ್ಚಿ, ಸ್ವಲ್ಪ ಎಣ್ಣೆ ಹಾಕಿ, ಮತ್ತೆ ಹಾಕಬಹುದಾ?

ಸರ್ಟಿಫೈಡ್ ವಿಮಾನದಲ್ಲಿ, ಅಂದರೆ ಸರ್ಕಾರದ ಒಪ್ಪಿಗೆ ಪಡೆದ ಕಾರ್ಖಾನೆ ಮಾದರಿಯಲ್ಲಿ, ಆಗುವುದಿಲ್ಲ. ಮಾಲೀಕ-ಪೈಲಟ್ ತಾನೇ ಮಾಡಬಹುದಾದ ಸಣ್ಣಪುಟ್ಟ ಕೆಲಸಗಳ ಪಟ್ಟಿ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನಿಯಮದ 43ನೇ ಭಾಗದ ಅನುಬಂಧದಲ್ಲಿದೆ. ಪ್ಯಾನೆಲ್‌ನಿಂದ ರೇಡಿಯೋ ಎಳೆದು ಮತ್ತೆ ಕೂರಿಸುವುದಕ್ಕೆ ಅದರಲ್ಲಿ ಅವಕಾಶ ಇದೆ, ಆದರೆ ಅದೇ ಸಾಲಿನಲ್ಲಿ ಆಟೋಪೈಲಟ್ ಬಿಟ್ಟು ಅಂತ ಬರೆದಿದ್ದಾರೆ. ಸರ್ವೋ ಅಂತೂ ನೇರ ಕಂಟ್ರೋಲ್ ಕೇಬಲ್‌ಗೆ ಕಟ್ಟಿದ್ದು.

ಎಣ್ಣೆ ವಿಷಯ: ದಯವಿಟ್ಟು ಬೇಡ. ಡಬ್ಬಿಯಿಂದ ಸ್ಪ್ರೇ ಹೊಡೆದರೆ ಒಳಗಿನ ಕ್ಲಚ್‌ಗೆ ಹೋಗುತ್ತದೆ, ಅದು ಜಾರುವ ಬಲವೇ ಬದಲಾಗುತ್ತದೆ. ಹಳೇ ಮೋಟರ್‌ಗಳಲ್ಲಿ ಕಾರ್ಬನ್ ಬ್ರಶ್ ಇರುತ್ತದೆ, ಸವೆದ ಕಾರ್ಬನ್ ಪುಡಿ ಎಣ್ಣೆ ಸೇರಿ ಕೆಸರಾಗುತ್ತದೆ.

ವಾರ್ಷಿಕ ತಪಾಸಣೆಯಲ್ಲಿ ಮೆಕ್ಯಾನಿಕ್‌ಗೆ ಏನು ಕೇಳಲಿ?

ಹೇಗೂ ಮುಚ್ಚಳಗಳು ತೆಗೆದಿರುತ್ತವೆ, ಆ ದಿನ ಇದನ್ನೂ ನೋಡಿಸಿಬಿಡಿ. ಬ್ರೈಡಲ್ ಕೇಬಲ್‌ನ ಎಳೆ ಕಿತ್ತಿದೆಯಾ, ಬಟ್ಟೆ ಸವರಿದರೆ ಗೊತ್ತಾಗುತ್ತದೆ. ಕ್ಲಾಂಪ್ ಜರುಗಿದೆಯಾ. ಕ್ಯಾಪ್‌ಸ್ಟನ್ ಮೇಲಿಂದ ಕೇಬಲ್ ಹಾರಿಹೋಗದಂತೆ ತಡೆಯುವ ಗಾರ್ಡ್ ಇದೆಯಾ. ಸರ್ವೋ ಮೌಂಟ್ ಬಿರುಕು ಬಿಟ್ಟಿದೆಯಾ. ಬಿಗಿ ಎಷ್ಟಿದೆ. ಕ್ಲಚ್ ಜಾರುವ ಬಲ ಯಾವಾಗ ಅಳೆಯಬೇಕು ಅನ್ನುವುದು ತಯಾರಕರ ಪುಸ್ತಕದಲ್ಲಿದೆ, ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಕೈಗೆ ಕೊಡಿ. ನಾನು ಹಾಗೇ ಮಾಡುವುದು. ಮೊದಲ ವರ್ಷ ಸ್ವಲ್ಪ ಮುಖ ಗಂಟು ಹಾಕಿದರು, ಈಗ ಅವರೇ ಕೇಳಿ ತೆಗೆದುಕೊಳ್ಳುತ್ತಾರೆ.

ಕೆಟ್ಟ ಸರ್ವೋ ಹಾಗೇ ಬಿಟ್ಟು ಹಾರಬಹುದಾ?

ಆ ವಿಮಾನಕ್ಕೆ, ಆ ಹಾರಾಟಕ್ಕೆ ಆಟೋಪೈಲಟ್ ಕಡ್ಡಾಯ ಅಲ್ಲದಿದ್ದರೆ ಹಾರಬಹುದು, ನಿಯಮ 91.213 ಹೇಳಿದ ಹಾಗೆ ಮಾಡಿ: ನಿಷ್ಕ್ರಿಯ ಮಾಡಿಸಿ ಅಥವಾ ತೆಗೆಸಿ, ಕೆಲಸ ಮಾಡುವುದಿಲ್ಲ ಅಂತ ಚೀಟಿ ಅಂಟಿಸಿ, ಲಾಗ್‌ಬುಕ್‌ನಲ್ಲಿ ಬರೆಸಿ. ಸರ್ವೋ ತೆಗೆದರೆ ತೂಕದ ಲೆಕ್ಕವೂ ಬದಲಾಗುತ್ತದೆ. ಆದರೆ ಯೋಕ್ ಬಿಗಿ ಅನ್ನಿಸಿದರೆ, ಆಟೋಪೈಲಟ್ ಆಫ್ ಇದ್ದರೂ ಏನೋ ಹಿಡಿದ ಹಾಗೆ ಅನ್ನಿಸಿದರೆ, ಹಾರಲೇಬೇಡಿ. ಅದು ಕಂಟ್ರೋಲ್ ತೊಂದರೆ.

ನನ್ನದು ಹಳೇ ಮೂನಿ. ಅದರಲ್ಲಿ ಮೋಟರೇ ಇಲ್ಲವಲ್ಲ?

ಅದೃಷ್ಟವಂತರು ನೀವು, ನನಗೆ ತುಂಬಾ ಇಷ್ಟದ ಯಂತ್ರ ಅದು. 1965ರಿಂದ ಮೂನಿಯವರು ರೆಕ್ಕೆ ಮಟ್ಟ ಇಡುವ, ಬ್ರಿಟನ್ (Brittain) ಅನ್ನುವ ಕಂಪನಿಯ ವ್ಯವಸ್ಥೆಯನ್ನು ಹಾಕಿಯೇ ಕೊಡುತ್ತಿದ್ದರು. ಅದು ಯಾವಾಗಲೂ ಆನ್! ತಿರುಗಬೇಕಾದರೆ ಯೋಕ್ ಮೇಲಿನ ಗುಂಡಿ ಒತ್ತಿ ಹಿಡಿಯಬೇಕು. ಸರ್ವೋ ಅಂದರೆ ವ್ಯಾಕ್ಯೂಮ್‌ನಿಂದ ಕುಗ್ಗುವ ರಬ್ಬರ್ ಚೀಲ ಅಷ್ಟೇ. ರಬ್ಬರ್‌ಗೆ ವಯಸ್ಸಾದರೆ ಬಿರುಕು ಬಿಡುತ್ತದೆ, ವ್ಯಾಕ್ಯೂಮ್ ಸೋರುತ್ತದೆ. ಆಟೋಪೈಲಟ್ ಸೋತರೆ ಮೊದಲು ಚೀಲ ಮತ್ತು ಪೈಪ್ ನೋಡಿಸಿ. ವ್ಯಾಕ್ಯೂಮ್ ಪಂಪ್ ತೆಗೆದು ಎಲೆಕ್ಟ್ರಾನಿಕ್ ಪ್ಯಾನೆಲ್ ಹಾಕಿಸುವ ಯೋಚನೆ ಇದ್ದರೆ, ಪಂಪ್ ಜೊತೆ ಇದೂ ಹೋಗುತ್ತದೆ ಅನ್ನುವುದು ನೆನಪಿರಲಿ.

ರಿಪೇರಿನಾ, ಅಪ್‌ಗ್ರೇಡಾ?

ತಪ್ಪು ಕೇಬಲ್‌ನಲ್ಲೋ ಕನೆಕ್ಟರ್‌ನಲ್ಲೋ ಇದ್ದರೆ ರಿಪೇರಿ. ಒಂದು ಸರ್ವೋ ಬ್ರಶ್ ಮಾತ್ರ ಸವೆದಿದ್ದರೆ ಅದೂ ರಿಪೇರಿ. ವ್ಯಾಕ್ಯೂಮ್‌ನಲ್ಲಿ ಓಡುವ ದುಬಾರಿ ಜೈರೋ, ಕಂಪ್ಯೂಟರ್, ಸರ್ವೋ ಮೂರೂ ಒಂದಾದ ಮೇಲೊಂದು ಕೈಕೊಡುತ್ತಿದ್ದರೆ ಹಳೇದಕ್ಕೆ ದುಡ್ಡು ಸುರಿಯಬೇಡಿ. ನಾವು ಎರಡು ವರ್ಷ ಸುರಿದೆವು.

ಮಧ್ಯದ ದಾರಿಯೂ ಇದೆ. ತಲೆ ಬದಲಿಸಿ ಕೈ ಉಳಿಸಿಕೊಳ್ಳುವುದು. ಎಸ್-ಟೆಕ್ 3100, ವಿಮಾನದಲ್ಲಿ ಮೊದಲೇ ಇರುವ ಎಸ್-ಟೆಕ್ ಸರ್ವೋಗಳನ್ನೇ ಬಳಸಿಕೊಳ್ಳುತ್ತದೆ. ಅವಿಡೈನ್ ಡಿಎಫ್‌ಸಿ90 ಕೂಡ ಸಿರಸ್ ವಿಮಾನಗಳಲ್ಲಿ ಎಸ್-ಟೆಕ್ 55ಎಕ್ಸ್ ಕಂಪ್ಯೂಟರ್ ಜಾಗಕ್ಕೆ ಕೂತು, ಸರ್ವೋ ಹಳೇದನ್ನೇ ಇಟ್ಟುಕೊಳ್ಳುವಂಥದ್ದು. ಖರ್ಚು ಉಳಿಯುತ್ತದೆ. ಆದರೆ ಹಳೇ ಕೈ ಗಟ್ಟಿ ಇದೆಯಾ ಅಂತ ಮೊದಲು ಬೆಂಚ್ ಮೇಲೆ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಹೊಸ ಕಂಪ್ಯೂಟರ್ ಹಾಕಿದ ಮೇಲೂ ಅದೇ ತೊಟ್ಟಿಲು.

ಹೊಸ ಸರ್ವೋಗಳಲ್ಲಿ ಅಂಥದ್ದೇನಿದೆ?

ಗಾರ್ಮಿನ್ ಜಿಎಫ್‌ಸಿ 500 ತೆಗೆದುಕೊಳ್ಳಿ. 2017ರಲ್ಲಿ ಬಂತು. ಅದರ ಸರ್ವೋ ಒಳಗೆ ಬ್ರಶ್ ಇಲ್ಲದ ಮೋಟರ್, ಅಂದರೆ ಸವೆಯುವ ಕಾರ್ಬನ್ ಇಲ್ಲ. ಆಫ್ ಇದ್ದಾಗ ಕ್ಲಚ್ ಬಿಟ್ಟುಕೊಂಡು ಗೇರ್‌ಗಳ ಎಳೆತ ಕೈಗೆ ಗೊತ್ತಾಗುವುದಿಲ್ಲ. ತನ್ನ ತೊಂದರೆಯನ್ನು ತಾನೇ ಹೇಳಿಕೊಳ್ಳುತ್ತದೆ, ಹಾಗಾಗಿ ಯಾವ ಸರ್ವೋ ಅಂತ ಊಹಿಸುತ್ತಾ ಕೂರಬೇಕಾಗಿಲ್ಲ. ದಿಕ್ಕು ತಪ್ಪಿದಾಗ ಒಂದು ಗುಂಡಿ ಒತ್ತಿದರೆ ವಿಮಾನ ಮಟ್ಟಕ್ಕೆ ಬರುತ್ತದೆ. ನನ್ನ ಹೆಂಡತಿಗೆ ನಾನು ಮೊದಲು ತೋರಿಸಿಕೊಟ್ಟದ್ದು ಆ ಗುಂಡಿಯನ್ನೇ.

ಬೆಲೆ ಬಗ್ಗೆ ಎಚ್ಚರ. ಹೊರಗೆ ಬಂದಾಗ ಎರಡು ಆಕ್ಸಿಸ್‌ಗೆ (ರೋಲ್ ಮತ್ತು ಪಿಚ್) 6,995 ಡಾಲರ್‌ನಿಂದ ಶುರು ಅಂತ ಹೇಳಿದ್ದರು, ಅಳವಡಿಸುವ ಕೂಲಿ ಅದರಲ್ಲಿಲ್ಲ. ಜೊತೆಗೆ ಜಿ5 ಅಥವಾ ಜಿಐ 275 ಥರದ ಗಾರ್ಮಿನ್ ಡಿಸ್‌ಪ್ಲೇ ಬೇಕೇ ಬೇಕು, ಅದು ಬೇರೆ ಖರ್ಚು. ಸರ್ವೋ ಕೂರಿಸುವುದು ಗಂಟೆಗಟ್ಟಲೆ ಬಾಲದೊಳಗೆ ಮಲಗಿ ಮಾಡುವ ಕೆಲಸ, ಕೂಲಿ ಏರುವುದು ಅಲ್ಲೇ. ಮೊದಲು ನಿಮ್ಮ ವಿಮಾನದ ಮಾದರಿ ಎಸ್‌ಟಿಸಿ (ಮಾರ್ಪಾಡಿಗೆ ಎಫ್‌ಎಎ ಕೊಡುವ ಒಪ್ಪಿಗೆ) ಪಟ್ಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕಾಯಬೇಕು, ಬೇರೆ ದಾರಿ ಇಲ್ಲ.

ಕಂಪನಿಗಳು ಕೈ ಬದಲಾಗುತ್ತಿರುತ್ತವೆ ಅನ್ನುವುದೂ ಗೊತ್ತಿರಲಿ. ಆಟೋಪೈಲಟ್ ಮಾಡುವ ಟ್ರೂಟ್ರ್ಯಾಕ್ 2019ರಲ್ಲಿ ಬೆಂಡಿಕ್ಸ್/ಕಿಂಗ್‌ಗೆ ಸೇರಿತು. ಎಸ್-ಟೆಕ್ ಮಾಡುವ ಜೆನೆಸಿಸ್ ಕಂಪನಿಯನ್ನು 2020ರಲ್ಲಿ ಮೂಗ್ (Moog) ಕಂಪನಿ ಕೊಂಡುಕೊಂಡಿತು. ಬಿಡಿಭಾಗ ಯಾರ ಹತ್ತಿರ ಸಿಗುತ್ತದೆ ಅಂತ ದುಡ್ಡು ಕೊಡುವ ಮುಂಚೆ ಕೇಳಿ.

ನಾನೇ ಕಟ್ಟಿದ ವಿಮಾನ ನನ್ನದು. ಏನು ಗಮನಿಸಬೇಕು?

ಇಂಥ ವಿಮಾನಗಳ ‘ಎಕ್ಸ್‌ಪೆರಿಮೆಂಟಲ್’ ವರ್ಗದಲ್ಲಿ ಕಟ್ಟಿದವರಿಗೆ ಸ್ವಾತಂತ್ರ್ಯ ಜಾಸ್ತಿ, ತಪ್ಪು ಮಾಡುವ ಸ್ವಾತಂತ್ರ್ಯವೂ ಸೇರಿ. ಡೈನಾನ್ ಕಂಪನಿಯಲ್ಲಿ ಎಸ್‌ವಿ32, ಎಸ್‌ವಿ42, ಎಸ್‌ವಿ52 ಅಂತ ಮೂರು ಸರ್ವೋ ಇವೆ, ಬಲ ಕ್ರಮವಾಗಿ 36, 55, 72 ಇಂಚ್-ಪೌಂಡ್. ‘ದೊಡ್ಡದೇ ಇರಲಿ ಬಿಡು’ ಅನ್ನಬೇಡಿ, ದೊಡ್ಡದಕ್ಕೆ ನಿಮ್ಮ ಕೈಯೂ ಹೆಚ್ಚು ಜಗ್ಗಬೇಕು.

ಇಂಥ ವಿಮಾನಗಳಲ್ಲಿ ಹೆಚ್ಚಾಗಿ ಕೇಬಲ್ ಬದಲು ಸರ್ವೋ ತೋಳಿಗೆ ರಾಡ್ ಜೋಡಿಸುತ್ತಾರೆ. ಅಲ್ಲೊಂದು ಅಪಾಯ ಇದೆ. ತೋಳು ಜಾಸ್ತಿ ತಿರುಗಿ ತೋಳೂ ರಾಡೂ ಒಂದೇ ಗೆರೆಗೆ ಬಂದರೆ, ಅಲ್ಲಿಂದ ಆ ಕಡೆಗೆ ಮಗುಚಿ ಸಿಕ್ಕಿಹಾಕಿಕೊಳ್ಳುತ್ತದೆ, ಕಂಟ್ರೋಲ್ ಅಲ್ಲೇ ನಿಂತುಬಿಡುತ್ತದೆ. ಸ್ಟಿಕ್ ಅನ್ನು ಎಲ್ಲ ಮೂಲೆಗೂ ಕೊನೆ ತನಕ ಒಯ್ದು ತೋಳು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿ. ಹೆಚ್ಚು ತಿರುಗದಂತೆ ತಡೆಯುವ ಬ್ರ್ಯಾಕೆಟ್ ಹಾಕಿ.

ಇಂಟರ್ನೆಟ್‌ನಲ್ಲಿ ಅರ್ಧ ಬೆಲೆಗೆ ಬಳಸಿದ ಸರ್ವೋ ಸಿಗುತ್ತಿದೆ. ಕೊಳ್ಳಲಾ?

ನೋಡುವುದಕ್ಕೆ ಒಂದೇ ಥರ ಇರುವ ಎರಡು ಸರ್ವೋಗಳಲ್ಲಿ ಒಂದು 14 ವೋಲ್ಟ್, ಇನ್ನೊಂದು 28 ವೋಲ್ಟ್ ಇರಬಹುದು. ಕ್ಲಚ್ ಬೇರೆ ವಿಮಾನಕ್ಕೆ ಹೊಂದಿಸಿದ್ದಿರಬಹುದು. ಪಾರ್ಟ್ ನಂಬರ್ ಕೊನೆಯ ಅಂಕಿ ತನಕ ಹೋಲಬೇಕು. ಎಫ್‌ಎಎ 8130-3 ಟ್ಯಾಗ್ (ಬಿಡಿಭಾಗ ಹಾರಾಟಕ್ಕೆ ಯೋಗ್ಯ ಅನ್ನುವ ಚೀಟಿ) ಇಲ್ಲದಿದ್ದರೆ ನಿಮ್ಮ ಮೆಕ್ಯಾನಿಕ್ ಮುಟ್ಟುವುದೇ ಅನುಮಾನ.

ಭಾರತದಲ್ಲಿ ಇದೆಲ್ಲ ಹೇಗೆ?

ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುವ ತಂಗಿಯ ಮಗ ಕೇಳಿದ ಪ್ರಶ್ನೆ ಇದು. ಯಂತ್ರ ಅದೇ, ಕೇಬಲ್ ಅದೇ. ಕಾಗದಪತ್ರ ಬೇರೆ. ಕೆಲಸ ಮಾಡಿ ಸಹಿ ಹಾಕುವವರು ಲೈಸೆನ್ಸ್ ಇರುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್), ಮಾರ್ಪಾಡಿಗೆ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಕ) ಒಪ್ಪಿಗೆ ಬೇಕು. ಅಮೆರಿಕದ ಎಸ್‌ಟಿಸಿ ಕೈಯಲ್ಲಿದೆ ಅಂದ ಮಾತ್ರಕ್ಕೆ ಹಾಕಿಸಿಕೊಂಡು ಹಾರುವ ಹಾಗಿಲ್ಲ. ಇನ್ನು ಮಿಶಿಗನ್‌ನ ಚಳಿಯ ತೂಗಾಟ ಅವನಿಗೆ ಬರುವುದಿಲ್ಲ, ಬೆಂಗಳೂರಿನ ಹವೆ ಕೇಬಲ್‌ಗೂ ಒಳ್ಳೆಯದು.

ಹೊಸದು ಹಾಕಿಸಿ ಆಯಿತು. ಮೊದಲ ಹಾರಾಟಕ್ಕೆ ಮುಂಚೆ?

ಶಾಪ್‌ನಿಂದ ಹೊರಡುವ ಮುಂಚೆ ಕಾಗದ ಎಣಿಸಿ: ಫಾರ್ಮ್ 337 (ದೊಡ್ಡ ಮಾರ್ಪಾಡಿನ ಎಫ್‌ಎಎ ದಾಖಲೆ), ಹ್ಯಾಂಡ್‌ಬುಕ್ ಸಪ್ಲಿಮೆಂಟ್, ಮುಂದಿನ ನಿರ್ವಹಣೆಯ ಸೂಚನೆಗಳು, ಹೊಸ ತೂಕದ ಲೆಕ್ಕ. ನಮಗೆ ಸಪ್ಲಿಮೆಂಟ್ ಕೊಡುವುದನ್ನೇ ಮರೆತಿದ್ದರು, ಮತ್ತೆ ಎಪ್ಪತ್ತು ಮೈಲಿ ಕಾರಿನಲ್ಲಿ ಹೋಗಿ ತಂದೆ.

ಮೊದಲ ಹಾರಾಟ ಒಳ್ಳೆಯ ಹವೆಯಲ್ಲಿ, ಹಗಲು ಹೊತ್ತಿನಲ್ಲಿ, ಜೊತೆಗೊಬ್ಬ ಪೈಲಟ್ ಇಟ್ಟುಕೊಂಡು, ಸಾಕಷ್ಟು ಎತ್ತರದಲ್ಲಿ. ಒಂದೊಂದೇ ಮೋಡ್ ಹಾಕಿ, ಪ್ರತಿಯೊಂದರಲ್ಲೂ ಕೈಯಿಂದ ಜಗ್ಗಿ ಬಿಡಿಸಿ ನೋಡಿ. ಸ್ವಲ್ಪ ಮಂದ ಅನ್ನಿಸಿದರೆ ಅಥವಾ ಚುರುಕು ಜಾಸ್ತಿ ಅನ್ನಿಸಿದರೆ ಬರೆದುಕೊಂಡು ಬನ್ನಿ. ಹೊಂದಿಸಲು ಆಗುತ್ತದಾ ಅನ್ನುವುದು ಮಾದರಿ ಮೇಲೆ ಹೋಗುತ್ತದೆ, ಮಾಡಬೇಕಾದವರು ಶಾಪ್‌ನವರು. ನಾವು ಹಾಕಿಸಿದ್ದು ಸೆಪ್ಟೆಂಬರ್‌ನಲ್ಲಿ. ಜನವರಿ ಬಂದಾಗ ಆ ವಯಸ್ಸಾದ ಮೆಕ್ಯಾನಿಕ್ ಯಾರೂ ಕರೆಯದೆಯೇ ಟೆನ್ಷನ್ ಮೀಟರ್ ಹಿಡಿದುಕೊಂಡು ಹ್ಯಾಂಗರ್ ಬಾಗಿಲಲ್ಲಿ ನಿಂತಿದ್ದರು.